ಭಾರತದ ಸಾಗರ ವಾಯುಗುಣ ಮಾದರಿಗಳು

ಕಡಲಿನ ಉಷ್ಣತೆ, ಲವಣತೆ, ಪ್ರವಾಹ, ಜಲಮಟ್ಟ ಮತ್ತು ಜೀವರಾಸಾಯನಿಕ ಸ್ಥಿತಿಗಳು ವಾಯುಗುಣದೊಡನೆ ಹೇಗೆ ಮಾರ್ಪಡುವುವೆಂಬುದನ್ನು ದ್ರವಚಲನೆಯ ಸಮೀಕರಣಗಳಿಂದ ಗಣಿಸಿ, ಮತ್ಸ್ಯೋದ್ಯಮಕ್ಕೂ ತೀರಪ್ರದೇಶದ ಯೋಜನೆಗೂ ಆಧಾರವನ್ನೊದಗಿಸುವ ಗಣಕ ವ್ಯವಸ್ಥೆಗಳು. ವಾಯುಮಂಡಲವನ್ನೂ ಸಾಗರವನ್ನೂ ಒಂದೇ ಗಣನೆಯಲ್ಲಿ ಬೆಸೆದ ಮೊದಲ ಮಾದರಿಯನ್ನು 1969ರಲ್ಲಿ ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯನ್ ಅಮೆರಿಕದಲ್ಲಿ ಪ್ರಕಟಿಸಿದರು. ಬ್ರಯನ್ ರಚಿಸಿದ ಸಾಗರಭಾಗದ ಸಂತತಿಯಾದ ‘ಮಾಮ್’ ಎಂಬ ಮಾದರಿಯೇ ಪುಣೆಯಲ್ಲಿಯೂ ಹೈದರಾಬಾದಿನಲ್ಲಿಯೂ ಬಳಕೆಗೆ ಬಂದಿತು.

ವಿದೇಶದ ಮಾದರಿಗಳು ಸಿದ್ಧವಾಗಿ ದೊರೆಯುತ್ತಿರುವಾಗ ರಾಷ್ಟ್ರವೊಂದು ತನ್ನದೇ ಮಾದರಿಗಾಗಿ ಶ್ರಮಿಸಬೇಕೇ ಎಂಬ ಪ್ರಶ್ನೆಗೆ ನಮ್ಮ ಪಶ್ಚಿಮ ಕರಾವಳಿಯೇ ಉತ್ತರ ಕೊಡುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ, ತೀರದುದ್ದಕ್ಕೂ ಬೀಸುವ ಗಾಳಿಯಿಂದಲೂ, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಶ್ರೀಲಂಕೆಯನ್ನು ಬಳಸಿ ಬರುವ ತೀರತರಂಗಗಳಿಂದಲೂ ಪ್ರೇರಿತವಾಗಿ, ಕೇರಳ ಕರ್ನಾಟಕಗಳ ಅಂಚಿನಲ್ಲಿ ಆಳದ ತಣ್ಣೀರು ಮೇಲೇರಿ, ತನ್ನೊಡನೆ ಪೋಷಕ ಲವಣಗಳನ್ನು ತಂದು ಸಸ್ಯಪ್ಲವಕಗಳನ್ನು ಬೆಳೆಸುತ್ತದೆ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಇದೇ ಮೂಲ. ಆದರೆ ಹಾಗೆ ಮೇಲೇರುವ ನೀರಿನಲ್ಲಿ ಆಮ್ಲಜನಕ ಅತ್ಯಲ್ಪವಾಗಿರುವುದರಿಂದ, ಅದು ತೀರದ ಆಳವಿಲ್ಲದ ಭಾಗಕ್ಕೆ ವ್ಯಾಪಿಸಿದಾಗ ಮೀನುಗಳು ಚದರುವುದೂ ಉಂಟು. ಇಷ್ಟೆಲ್ಲವೂ ನಡೆಯುವುದು ದಡಕ್ಕೆ ಅಂಟಿಕೊಂಡ ಕಿರಿದಾದ ಪಟ್ಟಿಯಲ್ಲಿ; ಜಾಗತಿಕ ಮಾದರಿಗಳ ಒಂದೊಂದು ಚೌಕವೋ ಸುಮಾರು 100 ಕಿಲೋಮೀಟರು ಅಗಲ. ಅಂಥ ಚೌಕದಲ್ಲಿ ಬೂತಾಯಿಯ ಕಡಲು ಸರಾಸರಿಯೊಳಗೆ ಕರಗಿಹೋಗುತ್ತದೆ.

ಈ ಬೂತಾಯಿಯ ಏರಿಳಿತವಾದರೋ ಶತಮಾನದ ಹಿಂದೆಯೇ ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ಲರನ್ನು ಕಾಡಿದ್ದ ಸಮಸ್ಯೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ದೊರೆತ ಈ ಮೀನು 2021ರಲ್ಲಿ ಕೇವಲ ಮೂರು ಸಾವಿರ ಚಿಲ್ಲರೆ ಟನ್ನಿಗೆ ಕುಸಿಯಿತು. ಈ ಕುಸಿತದಲ್ಲಿ ಕಡಲಿನ ವೈಪರೀತ್ಯದ ಪಾಲೆಷ್ಟು, ಮರಿಮೀನನ್ನೂ ಬಿಡದ ಬಲೆಗಳ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಭೌತ ಮಾದರಿಯೊಂದರಿಂದಲೇ ಸಾಧ್ಯವಿಲ್ಲ. ಅದಕ್ಕೆ ಆಹಾರಸರಪಳಿಯ ಮಾದರಿಯೂ ಜೊತೆಗೂಡಬೇಕು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದ ಕಡಲಿಗೆ ಅಂಥದೊಂದನ್ನು 2000ದ ದಶಕದಲ್ಲಿಯೇ ರಚಿಸಿದ್ದರೆಂಬುದು ಇಲ್ಲಿ ಸ್ಮರಣೀಯ.

ಭೌತ ಗಣನೆಯ ಹೊಣೆ ಮುಖ್ಯವಾಗಿ ಎರಡು ಸಂಸ್ಥೆಗಳದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ, ಋತುಮಾನದ ಮುನ್ಸೂಚನೆಗೆಂದು ಅಮೆರಿಕದಲ್ಲಿ ನಿರ್ಮಿತವಾದ ಮಾದರಿಯೊಂದನ್ನು ತೆಗೆದುಕೊಂಡು, ದೀರ್ಘಕಾಲ ನಡೆಸಿದರೆ ಅದರ ಶಕ್ತಿಯ ಆಯವ್ಯಯ ಸರಿದೂಗದೆ ಹೋಗುತ್ತಿದ್ದ ದೋಷವನ್ನು ತಿದ್ದಿ, ಭಾರತದ ಮೊದಲ ಭೂವ್ಯವಸ್ಥಾ ಮಾದರಿಯನ್ನು ಸಿದ್ಧಪಡಿಸಿತು. ಅಂತರರಾಷ್ಟ್ರೀಯ ಮಾದರಿ ಹೋಲಿಕೆಯ ಆರನೆಯ ಆವೃತ್ತಿಯಲ್ಲಿ ಅದು ಪಾಲ್ಗೊಂಡಿತು. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯಿಸ್) ಕರಾವಳಿಗೆ ಎರಡು ಮೂರು ಕಿಲೋಮೀಟರು ಸೂಕ್ಷ್ಮತೆಯ ಮಾದರಿಗಳನ್ನು ನಡೆಸುತ್ತ, ಉಪಗ್ರಹಗಳು ಕಾಣುವ ಮೇಲ್ಮೈ ಉಷ್ಣತೆ ಮತ್ತು ಹರಿತ್ತುಗಳ ಆಧಾರದ ಮೇಲೆ, ಮೀನು ನೆರೆಯಬಹುದಾದ ವಲಯಗಳನ್ನು ಕನ್ನಡವೂ ಸೇರಿದಂತೆ ತೀರದ ಭಾಷೆಗಳಲ್ಲಿ ಬೆಸ್ತರಿಗೆ ತಿಳಿಸುತ್ತದೆ. ಮುಂದಿನ ಕೆಲವು ದಿನಗಳ ಈ ಸೂಚನೆಗೂ ಮುಂದಿನ ಮೂವತ್ತು ವರ್ಷಗಳ ಸಂಭಾವ್ಯ ಚಿತ್ರಕ್ಕೂ ಇರುವ ಅಂತರವನ್ನು ಮರೆತು, ಎರಡನ್ನೂ ‘ಮುನ್ಸೂಚನೆ’ಯೆಂದೇ ವ್ಯವಹರಿಸುವ ವಾಡಿಕೆ ಅನರ್ಥಕಾರಿ. ದೋಣಿಯವನಿಗೆ ಬೇಕಾದುದು ಮೊದಲನೆಯದು. ಬಂದರು ಕಟ್ಟುವವನಿಗೂ, ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಇರುವ ಯಾಂತ್ರಿಕ ಮೀನುಗಾರಿಕೆಯ ನಿಷೇಧಾವಧಿ ಮುಂದೆಯೂ ಮೀನಿನ ಸಂತಾನಕಾಲಕ್ಕೆ ಹೊಂದುವುದೇ ಎಂದು ವಿಚಾರಿಸುವವನಿಗೂ ಬೇಕಾದುದು ಎರಡನೆಯದು. 2021ರಲ್ಲಿ ಅನುಮೋದಿತವಾದ ಆಳಸಮುದ್ರ ಅಭಿಯಾನದಲ್ಲಿ ವಾಯುಗುಣ ಬದಲಾವಣೆಯ ಸಲಹಾಸೇವೆಯೂ ಒಂದು ಅಂಗವಾಗಿದೆ.

ಗಣಕಬಲ ಹಣದಿಂದ ಒದಗುವಂಥದು: 2018ರಲ್ಲಿ ‘ಪ್ರತ್ಯೂಷ್’, 2024ರಲ್ಲಿ ‘ಅರ್ಕ’ ಎಂಬ ಮಹಾಗಣಕಗಳು ಪುಣೆಗೆ ಬಂದವು. ವೀಕ್ಷಣೆ ಅಷ್ಟು ಸುಲಭವಲ್ಲ. 2000 ಮೀಟರು ಆಳದವರೆಗೆ ಮುಳುಗಿ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ವರದಿ ಒಪ್ಪಿಸುವ ಆರ್ಗೋ ತೇಲುಯಂತ್ರಗಳು ಆಳಗಡಲಿನ ಸ್ಥಿತಿಯನ್ನು ತಿಳಿಸುತ್ತವೆಯೇ ಹೊರತು, ಮೀನುಗಾರಿಕೆಯ ಬಹುಭಾಗ ನಡೆಯುವ ತೀರದ ಆಳವಿಲ್ಲದ ನೀರಿಗೆ ಒದಗುವುದಿಲ್ಲ. ಅರಬ್ಬೀ ಸಮುದ್ರದ ಚಳಿಗಾಲವನ್ನು ಅನೇಕ ಜಾಗತಿಕ ಮಾದರಿಗಳು ಇರುವುದಕ್ಕಿಂತ ತಂಪಾಗಿ ತೋರಿಸುವುದೂ ಪ್ರಸಿದ್ಧ ದೋಷ.

ತೀರಯೋಜನೆಯ ವಿಷಯದಲ್ಲಿ, ಉತ್ತರ ಹಿಂದೂ ಮಹಾಸಾಗರದ ಜಲಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿತೆಂದು ಭೂವಿಜ್ಞಾನ ಸಚಿವಾಲಯದ 2020ರ ಸಮೀಕ್ಷೆ ದಾಖಲಿಸಿದೆ. ಅಳತೆಯ ಸೂಕ್ಷ್ಮತೆ ಎಷ್ಟು ಮುಖ್ಯವೆಂಬುದಕ್ಕೆ ಕರಾವಳಿಯ ಉದ್ದವೇ ಸಾಕ್ಷಿ: ದಶಕಗಳ ಕಾಲ 7,516 ಕಿಲೋಮೀಟರು ಎಂದು ಪಠ್ಯಪುಸ್ತಕಗಳಲ್ಲಿ ನೆಲೆಸಿದ್ದ ಸಂಖ್ಯೆ, ಹೊಸ ಅಳತೆಯಲ್ಲಿ 11,098ಕ್ಕೆ ಏರಿದುದಕ್ಕೆ ಭೂಮಿ ಬೆಳೆದುದು ಕಾರಣವಲ್ಲ. ಉಳ್ಳಾಲದ ಕಡಲಕೊರೆತದಂಥ ಸಂದರ್ಭದಲ್ಲಿ ಮಾತ್ರ ಎರಡು ಕಿಲೋಮೀಟರಿನ ಚೌಕವೂ ಒರಟೇ ಆಗುತ್ತದೆ. ಅಲ್ಲಿ ನೇತ್ರಾವತಿ ತರುವ ಮರಳು, ಅಳಿವೆಬಾಗಿಲಿನ ಒಡ್ಡುಗಳು ಮತ್ತು ಅಲೆಯ ದಿಕ್ಕು ಇವು ಮೂರನ್ನೂ ಒಟ್ಟಿಗೆ ಗಣಿಸಬಲ್ಲ ಮೀಟರುಗಳ ಲೆಕ್ಕದ ಸ್ಥಳೀಯ ಮಾದರಿಯನ್ನು ರಾಷ್ಟ್ರೀಯ ಮಾದರಿಯ ಒಳಗೆ ಹೂಡಬೇಕಾಗುತ್ತದೆ.