ಹಕ್ಕುದಾರರಿಲ್ಲದ ಕಟ್ಟಡ: ಸ್ಪಿಟಲ್‌ಫೀಲ್ಡ್ಸ್ ಚರ್ಚು ಉಳಿದ ಬಗೆ

ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯವು 1922ರಲ್ಲಿ ಪುಸ್ತಕರೂಪದಲ್ಲಿ ಬಂದಾಗ ಅದರ ಕೊನೆಯಲ್ಲಿ ಕವಿಯೇ ಬರೆದ ಟಿಪ್ಪಣಿಗಳಿದ್ದವು. ಅವುಗಳಲ್ಲಿ ಒಂದು ಲಂಡನ್ನಿನ ಸೇಂಟ್ ಮ್ಯಾಗ್ನಸ್ ಮಾರ್ಟರ್ ಚರ್ಚಿಗೆ ಸಂಬಂಧಿಸಿದ್ದು. ಆ ಚರ್ಚಿನ ಒಳಾಂಗಣವನ್ನು ಮೆಚ್ಚಿ ಬರೆದ ಎಲಿಯಟ್, ನಗರದ ಹತ್ತೊಂಬತ್ತು ಚರ್ಚುಗಳನ್ನು ಕೆಡಹುವ ಪ್ರಸ್ತಾವವನ್ನು ಕುರಿತ ಒಂದು ಕಿರುಹೊತ್ತಗೆಯನ್ನು ನೋಡುವಂತೆ ಓದುಗರಿಗೆ ಸೂಚಿಸಿದ್ದಾನೆ. ಪುರಾಣ, ಉಪನಿಷತ್ತು, ದಾಂತೆಯ ಕಾವ್ಯಗಳ ಉಲ್ಲೇಖಗಳ ನಡುವೆ ಕಟ್ಟಡ ಕೆಡಹುವ ವರದಿಯೊಂದು ಸ್ಥಾನ ಪಡೆದಿರುವುದು ಗಮನಾರ್ಹ.

ಆ ಪ್ರಸ್ತಾವದ ಹಿನ್ನೆಲೆ ಸರಳವಾದುದು. ಲಂಡನ್ನಿನ ಹಳೆಯ ಪೇಟೆಯಲ್ಲಿ ವಾಸವಿದ್ದ ವರ್ತಕ ಕುಟುಂಬಗಳು ಹೊರವಲಯಗಳಿಗೆ ಹೋಗಿದ್ದವು; ಅವರ ಮನೆಗಳಿದ್ದ ಜಾಗದಲ್ಲಿ ಬ್ಯಾಂಕುಗಳು, ಕಚೇರಿಗಳು ಎದ್ದಿದ್ದವು. ಭಾನುವಾರ ಚರ್ಚುಗಳು ಬರಿದಾಗಿರುತ್ತಿದ್ದವು, ಅವು ನಿಂತ ನೆಲಕ್ಕೆ ಮಾತ್ರ ಅಪಾರ ಬೆಲೆಯಿತ್ತು. 1926ರಲ್ಲಿ ಇಂಥ ಚರ್ಚುಗಳ ವಿಲೇವಾರಿಗೆ ದಾರಿಮಾಡುವ ಮಸೂದೆ ಪಾರ್ಲಿಮೆಂಟಿನ ಮುಂದೆ ಬಂದಾಗ ಕೆಳಮನೆ ಅದನ್ನು ತಿರಸ್ಕರಿಸಿತು. ಚರ್ಚುಗಳು ಆ ಸಲ ಉಳಿದವು. ಆದರೆ ಭಕ್ತರು ತೊರೆದುಹೋದ ದೇಗುಲ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಎರಡನೆಯ ಮಹಾಯುದ್ಧದ ಬಳಿಕ ಅದು ಪೂರ್ವ ಲಂಡನ್ನಿನ ಬಡಕೇರಿಯೊಂದರಲ್ಲಿ ಇನ್ನಷ್ಟು ಕಠೋರವಾಗಿ ಎದ್ದುನಿಂತಿತು. ಆ ಕೇರಿಯ ಹೆಸರು ಸ್ಪಿಟಲ್‌ಫೀಲ್ಡ್ಸ್. ಅಲ್ಲಿಯ ಚರ್ಚು ಕ್ರೈಸ್ಟ್ ಚರ್ಚ್.

ಮಧ್ಯಯುಗದಲ್ಲಿ ಇಲ್ಲಿದ್ದ ಸೇಂಟ್ ಮೇರಿ ಆಸ್ಪತ್ರೆಯ ಹೊಲಗಳೇ ಸ್ಪಿಟಲ್‌ಫೀಲ್ಡ್ಸ್ ಎಂಬ ಹೆಸರಿಗೆ ಮೂಲ. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ರಕ್ಷಣೆಯನ್ನು ರದ್ದುಪಡಿಸಿದಾಗ ಹ್ಯೂಗನಾಟರೆಂಬ ಫ್ರೆಂಚ್ ಪ್ರಾಟೆಸ್ಟಂಟರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಓಡಿಬಂದರು. ಅವರಲ್ಲಿ ಹಲವರು ರೇಷ್ಮೆ ನೇಕಾರರು. ಅವರು ತಮ್ಮದೇ ಪ್ರಾರ್ಥನಾ ಮಂದಿರಗಳನ್ನು ಕಟ್ಟಿಕೊಂಡು ಫ್ರೆಂಚಿನಲ್ಲಿಯೇ ಪ್ರಾರ್ಥಿಸುತ್ತಿದ್ದರು. ಬೆಳೆಯುತ್ತಿದ್ದ ಹೊರವಲಯಗಳಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನ ಅಸ್ತಿತ್ವವನ್ನು ಎತ್ತಿಹಿಡಿಯುವುದಕ್ಕಾಗಿ 1711ರಲ್ಲಿ ಐವತ್ತು ಹೊಸ ಚರ್ಚುಗಳನ್ನು ಕಟ್ಟುವ ಶಾಸನವಾಯಿತು. ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲಿನ ಸುಂಕ ಇದಕ್ಕೆ ಆದಾಯ. ಐವತ್ತರಲ್ಲಿ ಪೂರ್ಣಗೊಂಡವು ಹನ್ನೆರಡರ ಆಸುಪಾಸು ಮಾತ್ರ. ಅವುಗಳಲ್ಲಿ ಆರು ಕ್ರಿಸ್ಟಫರ್ ರೆನ್ನನ ಗರಡಿಯಲ್ಲಿ ಪಳಗಿದ ನಿಕೋಲಸ್ ಹಾಕ್ಸ್‌ಮೂರ್‌ನ ಕೃತಿಗಳು.

ಕ್ರೈಸ್ಟ್ ಚರ್ಚಿನ ನಿರ್ಮಾಣ 1714ರಿಂದ 1729ರವರೆಗೆ ನಡೆಯಿತು. ನಾಲ್ಕು ದಪ್ಪ ಕಂಬಗಳ ಮುಖಮಂಟಪ, ಅದರ ನಡುವೆ ಮೇಲೇಳುವ ಕಮಾನು, ಆ ಕಮಾನಿನ ಆಕಾರವನ್ನೇ ಮೇಲೆ ಮತ್ತೆ ಹೇಳುವ ಗೋಪುರ, ತುದಿಯಲ್ಲಿ ಸುಮಾರು 200 ಅಡಿ ಎತ್ತರದ ಶಿಖರ: ಇದು ಅದರ ರಚನೆ. ಸುತ್ತಲಿನ ನೇಕಾರರ ಮನೆಗಳ ನಡುವೆ ಈ ಬಿಳಿಗಲ್ಲಿನ ರಾಶಿ ರಾಜಶಾಸನದಂತೆ ನಿಂತಿತು. ಆದರೆ ಹಾಕ್ಸ್‌ಮೂರ್‌ನ ಜೀವಿತಕಾಲದಲ್ಲಿಯೇ ಅಭಿರುಚಿ ಬದಲಾಯಿತು. ಪಲ್ಲಾಡಿಯೊನ ಮಾದರಿಯ ಮಿತವಾದ, ಅಚ್ಚುಕಟ್ಟಾದ ಕಟ್ಟಡಗಳನ್ನು ಮೆಚ್ಚಿದವರ ಕಣ್ಣಿಗೆ ಇವನ ಭಾರವಾದ ರಚನೆಗಳು ವಿಕಾರವಾಗಿ ಕಂಡವು. 1736ರಲ್ಲಿ ಅವನು ತೀರಿಕೊಂಡ ಮೇಲೆ ಎರಡು ಶತಮಾನಗಳ ಕಾಲ ಅವನ ಹೆಸರು ಗುರುವಾದ ರೆನ್ನನ ನೆರಳಿನಲ್ಲಿಯೇ ಉಳಿಯಿತು. 19ನೆಯ ಶತಮಾನದಲ್ಲಿ ನೇಯ್ಗೆಯ ಉದ್ಯಮ ಕುಸಿದು ಕೇರಿ ಬಡವಾಯಿತು. 1866ರಲ್ಲಿ ನಡೆದ ಮಾರ್ಪಾಡಿನಲ್ಲಿ ಒಳಗಿನ ಪಕ್ಕದ ಅಟ್ಟಗಳನ್ನೂ ಹಳೆಯ ಆಸನಗಳನ್ನೂ ಕಿತ್ತುಹಾಕಿದರು. ಅನಂತರ ಪೂರ್ವ ಯುರೋಪಿನಿಂದ ಯೆಹೂದ್ಯರು ಬಂದು ನೆಲೆಸಿದರು. ಚರ್ಚಿಗೆ ಬರುವವರು ಕಡಿಮೆಯಾದರು.

1950ರ ದಶಕದ ಕೊನೆಯ ವೇಳೆಗೆ ಚಾವಣಿ ಅಪಾಯಕಾರಿ ಎಂದು ಘೋಷಿತವಾಗಿ ಬಾಗಿಲು ಮುಚ್ಚಿತು. ಪ್ರಾರ್ಥನೆಗಳು ಸಮೀಪದ ಸಭಾಭವನಕ್ಕೆ ವರ್ಗವಾದವು. ಆ ಭವನ ಹಿಂದೆ ಹ್ಯೂಗನಾಟರ ಪ್ರಾರ್ಥನಾ ಮಂದಿರವಾಗಿತ್ತು. ಯಾರ ನಡುವೆ ತನ್ನ ಪ್ರಭುತ್ವವನ್ನು ಸಾರಲು ಈ ಚರ್ಚು ಎದ್ದಿತ್ತೋ ಅವರ ಮಂದಿರವೇ ಕೊನೆಗೆ ಇದರ ಭಕ್ತರಿಗೆ ಆಸರೆಯಾಯಿತು.

ಬರಿದಾದ ಕಟ್ಟಡವನ್ನು ಕೆಡಹಿಬಿಡುವ ಮಾತು ಆಗ ಕೇಳಿಬಂತು. ಹಾಗೆ ಹೇಳಿದವರನ್ನು ಕಲಾದ್ವೇಷಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಡವರು, ವಲಸಿಗರು, ಮನೆಯಿಲ್ಲದವರು ತುಂಬಿದ ಕೇರಿಯಲ್ಲಿ ಕೆಲವೇ ಭಕ್ತರ ಒಂದು ಸಭೆ ಅಪಾರ ಹಣವನ್ನು ಕಲ್ಲಿನ ಮೇಲೆ ಸುರಿಯಬೇಕೆ? ದೇವರ ಹೆಸರಿನಲ್ಲಿ ಕೂಡಿದ ಹಣದ ಮೊದಲ ಹಕ್ಕು ಹಸಿದವನದೇ, ಹಳೆಯ ಗೋಪುರದ್ದೇ? ಧರ್ಮದ ದೃಷ್ಟಿಯಿಂದಲೇ ಎದ್ದ ಈ ಪ್ರಶ್ನೆಗೆ ಸೌಂದರ್ಯದ ಮಾತೊಂದೇ ಉತ್ತರವಾಗಲಾರದು.

ಕಾಲವೂ ಅನುಕೂಲವಾಗಿರಲಿಲ್ಲ. ಯೂಸ್ಟನ್ ರೈಲು ನಿಲ್ದಾಣದ ಭವ್ಯವಾದ ಕಲ್ಲಿನ ಮಹಾದ್ವಾರವನ್ನು ಉಳಿಸಲು ಕವಿ ಜಾನ್ ಬೆಚಮನ್ ಮೊದಲಾದವರು ಹೋರಾಡಿದರೂ 1961ರ ಕೊನೆಯಲ್ಲಿ ಅದನ್ನು ಒಡೆಯಲಾಯಿತು. ಅದೇ ಹೊತ್ತಿನಲ್ಲಿ ಹಾಕ್ಸ್‌ಮೂರ್ ಸಮಿತಿ ರೂಪುಗೊಂಡಿತು. ವಿದ್ವಾಂಸ ಕೆರಿ ಡೌನ್ಸ್ 1959ರಲ್ಲಿ ಹಾಕ್ಸ್‌ಮೂರ್‌ನನ್ನು ಕುರಿತ ಪ್ರಮುಖ ಅಧ್ಯಯನ ಗ್ರಂಥವನ್ನು ಪ್ರಕಟಿಸಿದ್ದರು. ಮರೆತುಹೋಗಿದ್ದ ಶಿಲ್ಪಿಯ ಸ್ಥಾನವೇನೆಂಬುದು ಆ ಪುಸ್ತಕದಿಂದ ಸ್ಪಷ್ಟವಾಗಿತ್ತು. ಕಟ್ಟಡದ ರಕ್ಷಣೆಗೆ ಮೊದಲು ಅದರ ಅರಿವು ಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸಮಿತಿಯ ಪ್ರಯತ್ನದಿಂದ ಕೆಡಹುವ ಅಪಾಯ ದೂರವಾಯಿತು. ಚಾವಣಿಯ ದುರಸ್ತಿಗೆ ಹಣ ಬಂದ ಬಗೆ ವಿಶೇಷವಾದುದು. ಅದೇ 1711ರ ಶಾಸನದ ಫಲವಾಗಿ ಥಾಮಸ್ ಆರ್ಚರ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಟ್ಟಿದ ಸ್ಮಿತ್ ಸ್ಕ್ವೇರಿನ ಸೇಂಟ್ ಜಾನ್ ಚರ್ಚು 1941ರ ಬಾಂಬ್ ದಾಳಿಯಲ್ಲಿ ಸುಟ್ಟು ಬರಿಯ ಗೋಡೆಗಳಾಗಿ ಉಳಿದಿತ್ತು. ಆ ಗೋಡೆಗಳನ್ನು ಮಾರಿದ ಹಣ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ಚಾವಣಿಗೆ ಒದಗಿತು. ಮಾರಾಟವಾದ ಕಟ್ಟಡವೂ ನಾಶವಾಗಲಿಲ್ಲ. ಜೀರ್ಣೋದ್ಧಾರಗೊಂಡು ಸಂಗೀತ ಸಭಾಂಗಣವಾಯಿತು. ಒಂದೇ ಶಾಸನದಲ್ಲಿ ಹುಟ್ಟಿದ ಎರಡು ಅನಾಥ ಕಟ್ಟಡಗಳು ಹೀಗೆ ಒಂದರಿಂದೊಂದು ಬದುಕಿದವು.

ಬಡವರ ಪ್ರಶ್ನೆಗೂ ಈ ಕಟ್ಟಡದ ಒಡಲಿನಲ್ಲಿಯೇ ಒಂದು ಉತ್ತರ ದೊರೆಯಿತು. 1960ರ ದಶಕದಲ್ಲಿ ಚರ್ಚಿನ ನೆಲಮಾಳಿಗೆಯ ಒಂದು ಭಾಗದಲ್ಲಿ ಮನೆಯಿಲ್ಲದ ಮದ್ಯವ್ಯಸನಿಗಳಿಗಾಗಿ ಆಶ್ರಯ ಕೇಂದ್ರ ಆರಂಭವಾಯಿತು. ಅದು ಸುಮಾರು 2000ದವರೆಗೆ ಅಲ್ಲಿಯೇ ಇದ್ದು ಅನಂತರ ಬೇರೆ ಕಟ್ಟಡಕ್ಕೆ ಹೋಯಿತು. ಮೇಲೆ ಪ್ರಾರ್ಥನೆಯಿಲ್ಲದ ಖಾಲಿ ಮಂದಿರ, ಕೆಳಗೆ ನಿರಾಶ್ರಿತರ ವಸತಿ: ಇಂಥ ಸ್ಥಿತಿ ವರ್ಷಗಟ್ಟಲೆ ಇತ್ತು.

ಅದೇ ನೆಲಮಾಳಿಗೆ ಇನ್ನೊಂದು ಸಂಪತ್ತನ್ನು ಅಡಗಿಸಿಕೊಂಡಿತ್ತು. 1984ರಿಂದ 1986ರವರೆಗೆ ಅಲ್ಲಿಯ ಸಮಾಧಿಗಳನ್ನು ತೆರವುಗೊಳಿಸಿದಾಗ 18 ಮತ್ತು 19ನೆಯ ಶತಮಾನಗಳಿಗೆ ಸೇರಿದ ಸುಮಾರು ಒಂದು ಸಾವಿರ ಜನರ ಅವಶೇಷಗಳು ದೊರೆತವು. ಅವರಲ್ಲಿ ಹಲವರು ಹ್ಯೂಗನಾಟ್ ಮೂಲದವರು. ನೂರಾರು ಶವಪೆಟ್ಟಿಗೆಗಳ ಮೇಲೆ ಹೆಸರು, ವಯಸ್ಸು, ಮರಣದ ದಿನಾಂಕವುಳ್ಳ ಲೋಹದ ಫಲಕಗಳಿದ್ದುದರಿಂದ, ಎಲುಬನ್ನು ನೋಡಿ ವಯಸ್ಸು ಹೇಳುವ ರೂಢಿಯ ವಿಧಾನಗಳನ್ನು ಪರೀಕ್ಷಿಸುವ ಅಪೂರ್ವ ಅವಕಾಶ ವಿಜ್ಞಾನಿಗಳಿಗೆ ಒದಗಿತು. ಆ ವಿಧಾನಗಳು ವೃದ್ಧರ ವಯಸ್ಸನ್ನು ಕಡಿಮೆಯಾಗಿಯೂ ಕಿರಿಯರ ವಯಸ್ಸನ್ನು ಹೆಚ್ಚಾಗಿಯೂ ಅಂದಾಜಿಸುತ್ತಿದ್ದುದು ಬಯಲಾಯಿತು. ಕಟ್ಟಡವನ್ನು ಅವಸರದಲ್ಲಿ ನೆಲಸಮ ಮಾಡಿದ್ದರೆ ಈ ತಿದ್ದುಪಡಿಯೂ ಅದರೊಡನೆ ಮಣ್ಣುಗೂಡುತ್ತಿತ್ತು.

1976ರಲ್ಲಿ ಚರ್ಚಿನ ಹಿತೈಷಿಗಳ ಸಂಘ ಸ್ಥಾಪಿತವಾಯಿತು; 1987ರಲ್ಲಿ ಪ್ರಾರ್ಥನೆಗಳು ಒಳಗೆ ಮರಳಿದವು; ಪೂರ್ಣ ಜೀರ್ಣೋದ್ಧಾರ ಮುಗಿದದ್ದು 2004ರಲ್ಲಿ. 1866ರ ಮಾರ್ಪಾಡುಗಳನ್ನು ತೆಗೆದು ಅಟ್ಟಗಳನ್ನು ಮತ್ತೆ ಕಟ್ಟಲಾಯಿತು. 1735ರಲ್ಲಿ ರಿಚರ್ಡ್ ಬ್ರಿಜ್ ನಿರ್ಮಿಸಿದ ಆರ್ಗನ್ ವಾದ್ಯ 2015ರಲ್ಲಿ ದುರಸ್ತಿಗೊಂಡು ಮತ್ತೆ ನುಡಿಯಿತು. ಚಾವಣಿ ಮುಚ್ಚಿದ ಕಾಲದಿಂದ ಲೆಕ್ಕಹಾಕಿದರೆ ಇದು ಅರ್ಧ ಶತಮಾನಕ್ಕೂ ಮೀರಿದ ದುಡಿಮೆ.

ಇದೇ ಕೇರಿಯ ಬ್ರಿಕ್ ಲೇನಿನಲ್ಲಿರುವ ಇನ್ನೊಂದು ಕಟ್ಟಡವನ್ನು ಇಲ್ಲಿ ನೆನೆಯಬೇಕು. ಹ್ಯೂಗನಾಟರು 1743ರಲ್ಲಿ ಕಟ್ಟಿದ ಆ ಮಂದಿರ ಮುಂದೆ ಮೆಥಡಿಸ್ಟರದಾಯಿತು, 1898ರಲ್ಲಿ ಯೆಹೂದ್ಯರ ಸಿನಗಾಗ್ ಆಯಿತು, 1976ರಲ್ಲಿ ಬಂಗಾಳಿ ಮುಸಲ್ಮಾನರ ಮಸೀದಿಯಾಯಿತು. ಅದರ ಗೋಡೆಯ ಮೇಲಿನ ನೆರಳು ಗಡಿಯಾರ 1743ರ ಇಸವಿಯನ್ನು ಇಂದಿಗೂ ಹೊತ್ತಿದೆ. ಅದನ್ನು ಉಳಿಸಲು ಯಾವ ಸಮಿತಿಯೂ ಬೇಕಾಗಲಿಲ್ಲ, ಏಕೆಂದರೆ ಪ್ರತಿಯೊಂದು ಪೀಳಿಗೆಯಲ್ಲಿಯೂ ಅದಕ್ಕೆ ಹೊಸ ಹಕ್ಕುದಾರರು ಸಿಕ್ಕರು. ಹಾಕ್ಸ್‌ಮೂರ್‌ನ ಚರ್ಚಿಗೆ ಅಂಥ ಸಹಜ ಹಕ್ಕುದಾರರಿರಲಿಲ್ಲ. ಶಿಲ್ಪವನ್ನು ಅರಿತವರು, ಸಂಗೀತವನ್ನು ಮೆಚ್ಚಿದವರು, ಅಲ್ಲಿ ಎಂದೂ ಮಂಡಿಯೂರದವರು ಕೂಡಿ ಅದರ ಹಕ್ಕುದಾರರಾಗಬೇಕಾಯಿತು.

ಕನ್ನಡ ನಾಡಿನ ದಾನಶಾಸನಗಳನ್ನು ಬಲ್ಲವರಿಗೆ ಈ ವಿಚಾರ ಹೊಸದೆನಿಸದು. ದೇಗುಲ, ಬಸದಿಗಳಿಗೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬೇರೆಯಾಗಿ ಹೇಳುವುದು ಅಲ್ಲಿಯ ವಾಡಿಕೆ. ಕಟ್ಟುವ ದಿನವೇ ಅದು ಬಿರುಕು ಬಿಡುವ ದಿನವನ್ನೂ ನೆನೆಯುವ ವಿವೇಕ ಅದು. ತಾನು ಕೊಟ್ಟ ದಾನಕ್ಕಿಂತ ಪರರು ಕೊಟ್ಟುದನ್ನು ಕಾಯುವುದು ಇಮ್ಮಡಿ ಪುಣ್ಯವೆಂದೂ ಅವು ಸಾರುತ್ತವೆ. ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಮಿತಿ ಕೂಡಿದವರು ಆ ಶಾಸನಗಳನ್ನು ಓದಿದವರಲ್ಲ. ಆದರೂ ಪರರು ಕಟ್ಟಿದ್ದನ್ನು ಅವರು ಕಾಯ್ದರು. ಆರ್ಗನ್ ನುಡಿಯುವ ಹೊತ್ತಿಗೆ ಸಮಿತಿ ಕೂಡಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.