ಕಾರ್ಡಸ್ ಕಟ್ಟಿದ ಮಾತುಗಳು

ಕ್ರಿಕೆಟ್ ವರದಿಗೆ ಸಾಹಿತ್ಯದ ಘನತೆ ತಂದವರಾರು ಎಂದು ಕೇಳಿದರೆ ನಾವು ಮೊದಲು ನೆನೆಯುವ ಹೆಸರು ನೆವಿಲ್ ಕಾರ್ಡಸ್. ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ತಂದೆಯ ಆಸರೆಯಿಲ್ಲದೆ ಬೆಳೆದ ಅವರ ಶಾಲೆಯ ಓದು ಬೇಗ ಮುಗಿಯಿತು. ಮುಂದೆ ಸಾರ್ವಜನಿಕ ಗ್ರಂಥಾಲಯವೇ ಗುರುಕುಲವಾಯಿತು. 1912ರಲ್ಲಿ ಶ್ರೂಸ್‌ಬರಿ ಶಾಲೆಯಲ್ಲಿ ಕ್ರಿಕೆಟ್ ಕಲಿಸುವ ಸಹಾಯಕರಾದರು. 1917ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯನ್ನು ಸೇರಿದರು.

ಅವರ ವೃತ್ತಿಗೆ ತಿರುವು ಕೊಟ್ಟದ್ದು ಕಾಯಿಲೆ. 1919ರಲ್ಲಿ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಅವರನ್ನು, ಬಿಸಿಲು ಗಾಳಿ ಸೋಕಲೆಂದು, ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ವರದಿಗಾಗಿ ಕಳುಹಿಸಲಾಯಿತು. ಮುಂದೆ ‘ಕ್ರಿಕೆಟರ್’ ಎಂಬ ಅಂಕಿತದಲ್ಲಿ ಅವರು ಅಂಕಿಅಂಶಗಳಿಗಿಂತ ಹೆಚ್ಚಾಗಿ ಆಟಗಾರರ ಸ್ವಭಾವವನ್ನು ಬರೆದರು. ಅದೇ ಪತ್ರಿಕೆಯ ಸಂಗೀತ ವಿಮರ್ಶಕರೂ ಆದರು. 1967ರಲ್ಲಿ ‘ಸರ್’ ಪದವಿ ಪಡೆದರು.

ಆದರೆ ಚರಿತ್ರೆಯನ್ನು ಓದುವ ನಮಗೆ ಇಲ್ಲೊಂದು ತೊಡಕುಂಟು. ಯಾರ್ಕ್‌ಷೈರಿನ ಎಮ್ಮಟ್ ರಾಬಿನ್‌ಸನ್‌ರಂತಹ ಆಟಗಾರರ ಬಾಯಲ್ಲಿ ಬರುವ ಸೊಗಸಾದ ಮಾತುಗಳಲ್ಲಿ ಕೆಲವನ್ನು ತಾವೇ ಕಟ್ಟಿದ್ದಾಗಿ ಕಾರ್ಡಸ್ ಒಪ್ಪಿಕೊಂಡಿದ್ದರು. ಅದು ಇನ್ನೂ ಎತ್ತರದ ಸತ್ಯ ಎಂಬುದು ಅವರ ಸಮರ್ಥನೆ. ಕವಿಗೆ ಸಲ್ಲುವ ಈ ಸ್ವಾತಂತ್ರ್ಯ ವರದಿಗಾರನಿಗೆ ಸಲ್ಲದು. ಬದುಕಿರುವ ಮನುಷ್ಯನ ಮಾತು ಅವನದೇ ಸೊತ್ತು.

ಹಾಗೆಂದು ಆ ಬರಹಗಳನ್ನು ನಾವು ಬದಿಗಿಡಲಾರೆವು. ರನ್ನುಗಳ ಲೆಕ್ಕಕ್ಕೆ ಸ್ಕೋರ್ ಪಟ್ಟಿಯಿದೆ. ಆ ಕಾಲದವರು ಆಟವನ್ನು ಹೇಗೆ ಪ್ರೀತಿಸಿದರೆಂಬುದಕ್ಕೆ ಕಾರ್ಡಸ್ ಸಾಕ್ಷಿ. ಉದ್ಧರಣ ಚಿಹ್ನೆಯೊಳಗಿನ ಮಾತುಗಳನ್ನು ಮಾತ್ರ, ಬೇರೆ ಆಧಾರ ಸಿಗುವತನಕ, ನಾವು ಆಟಗಾರರ ಹೆಸರಿಗೆ ಬರೆಯಬಾರದು.