ಜೋಗೇಶ್ವರಿಯ ಮದುವೆ, ಬೆಳಗಾವಿಯ ಕಡತ

ಮುಂಬಯಿಯ ಜೋಗೇಶ್ವರಿಯಲ್ಲಿ ನೆಲೆಸಿದ ಮರಾಠಾ ಲೈಟ್ ಇನ್ಫೆಂಟ್ರಿಯ ಮಾಜಿ ಸೈನಿಕನೊಬ್ಬ ಮದುವೆಯಾದರೆ, ಆ ಸುದ್ದಿ ಬೆಳಗಾವಿಗೆ ಮುಟ್ಟಬೇಕು. ರೆಜಿಮೆಂಟಿನ ಕೇಂದ್ರ 1922ರಿಂದ ಅಲ್ಲಿದೆ. ಸೈನಿಕರ ಸೇವಾ ದಾಖಲೆಗಳಿರುವುದೂ ಅಲ್ಲಿಯೇ. ಆ ಕಡತಕ್ಕೆ ಹೆಂಡತಿಯ ಹೆಸರು ಏರದಿದ್ದರೆ, ಊರೆಲ್ಲ ಉಂಡು ಹರಸಿದ ಮದುವೆಯೂ ಸೇನೆಯ ಲೆಕ್ಕಕ್ಕೆ ಬರುವುದಿಲ್ಲ.

ಗಂಡ ಸಮುದ್ರದಾಚೆ, ಹೆಂಡತಿ ಊರಲ್ಲಿ ಎಂಬ ಸ್ಥಿತಿ ಈ ರೆಜಿಮೆಂಟಿಗೆ ಹಳೆಯದು. ಮೊದಲ ಮಹಾಯುದ್ಧದಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳು ಮೆಸಪೊಟೇಮಿಯಾಕ್ಕೆ ಹೋಗಿದ್ದವು. ಕೂಟ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕ ಸೇನೆ 1916ರ ಏಪ್ರಿಲ್ 29ರಂದು ಶರಣಾಯಿತು. ಸಾವಿರಾರು ಭಾರತೀಯ ಸಿಪಾಯಿಗಳು ತುರ್ಕರ ಸೆರೆಯಾದರು. ಅವರ ಹೆಂಡಂದಿರು ಕೊಂಕಣದಲ್ಲಿ, ಘಟ್ಟದ ಮೇಲಿನ ಹಳ್ಳಿಗಳಲ್ಲಿ ಉಳಿದಿದ್ದರು. ಮದುವೆ ನೋಂದಾಯಿಸುವ ರೂಢಿಯೇ ಇಲ್ಲದ ಕಾಲ ಅದು. ಮದುವೆ ನಡೆದದ್ದಕ್ಕೆ ಬಂಧುಬಳಗದ ನೆನಪೇ ಸಾಕ್ಷಿ.

ಕಾಗದ ನಿಧಾನವಾಗಿ ಬಂತು. ಜೋಗೇಶ್ವರಿ ಮುಂಬಯಿ ಮಹಾನಗರದ ಉತ್ತರದ ಅಂಚಾದದ್ದು 1950ರಲ್ಲಿ. ಮುಂಬಯಿ ರಾಜ್ಯ ಮದುವೆ ನೋಂದಣಿಗೆ ಕಾಯಿದೆ ತಂದದ್ದು 1953ರಲ್ಲಿ. 1956ರ ನವೆಂಬರ್ 1ರವರೆಗೆ ಬೆಳಗಾವಿಯೂ ಅದೇ ರಾಜ್ಯದಲ್ಲಿತ್ತು. ಹೊರದೇಶದಲ್ಲಿ ಮದುವೆಯಾಗುವ ಭಾರತೀಯರಿಗಾಗಿ 1969ರಲ್ಲಿ ವಿದೇಶಿ ವಿವಾಹ ಕಾಯಿದೆ ಬಂತು. ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವ ದಾರಿ ಅದು. ಆದರೆ ಲೆಬನಾನ್, ಕಾಂಗೋ, ದಕ್ಷಿಣ ಸುಡಾನ್‌ಗಳಲ್ಲಿ ವಿಶ್ವಸಂಸ್ಥೆಯ ನೀಲಿ ಟೊಪ್ಪಿ ತೊಟ್ಟ ಜವಾನರು ಮದುವೆಗೆ ಸಾಮಾನ್ಯವಾಗಿ ರಜೆ ಹಾಕಿ ಊರಿಗೇ ಬರುತ್ತಾರೆ. ಮರಳಿದ ಮೇಲೆ ಘಟಕದ 'ಪಾರ್ಟ್ ಟು ಆರ್ಡರ್'ನಲ್ಲಿ ಮದುವೆ ಪ್ರಕಟವಾಗಬೇಕು. ಹೆಂಡತಿ ಸೇನೆಯ ಕಣ್ಣಿಗೆ ಬೀಳುವುದು ಆ ಒಂದು ಸಾಲಿನಿಂದ.

ಸೇವೆ ಮುಗಿದ ಮೇಲೆ ಮದುವೆಯಾದರೆ? ಈ ಪ್ರಶ್ನೆ ಸೈನಿಕರ ಮಟ್ಟಿಗೆ ದೊಡ್ಡದು. ಗುಮಾಸ್ತ ಅರವತ್ತರ ಹತ್ತಿರ ನಿವೃತ್ತನಾಗುತ್ತಾನೆ. ಹದಿನೆಂಟಕ್ಕೆ ಸೇರಿ ಹದಿನೈದು ವರ್ಷ ದುಡಿದು ಪಿಂಚಣಿ ಪಡೆದ ಜವಾನನಿಗೆ ಇನ್ನೂ ನಲವತ್ತಾಗಿರುವುದಿಲ್ಲ. ಮೊದಲ ಹೆಂಡತಿ ತೀರಿಕೊಂಡವನು ಮತ್ತೆ ಮದುವೆಯಾಗುವ, ಮಕ್ಕಳನ್ನು ಪಡೆಯುವ ವಯಸ್ಸು ಅದು. ಆದರೂ ಬಹುಕಾಲ ನಿಯಮದಲ್ಲಿ 'ಕುಟುಂಬ' ಎಂದರೆ ಸೇವೆಯಲ್ಲಿದ್ದಾಗ ಕಟ್ಟಿಕೊಂಡ ಕುಟುಂಬ ಮಾತ್ರ. ನಿವೃತ್ತಿಯ ನಂತರ ಬಂದ ಹೆಂಡತಿಗೆ ಕುಟುಂಬ ಪಿಂಚಣಿ ಇರಲಿಲ್ಲ.

ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು ಮಾಜಿ ಸೈನಿಕನ ವಿಧವೆ ಭಗವಂತಿ, ಇನ್ನೊಬ್ಬರು ರೈಲ್ವೆ ನೌಕರನ ವಿಧವೆ. ಪಿಂಚಣಿ ಸರ್ಕಾರ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಯ ಹಕ್ಕು ಎಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ 1982ರಲ್ಲೇ ತೀರ್ಪಾಗಿತ್ತು. ಅದರ ಮುಂದಿನ ಹೆಜ್ಜೆ 1989ರ ಭಗವಂತಿ ತೀರ್ಪು: ಮದುವೆ ನಿವೃತ್ತಿಗೆ ಮೊದಲೋ ಆಮೇಲೋ ಎಂದು ನೋಡಿ ಹೆಂಡತಿ ಮಕ್ಕಳನ್ನು ಹೊರಗಿಡುವುದು ಸಮಾನತೆಗೆ ವಿರುದ್ಧ. ಗಂಡನ ಸೇವೆ ಮುಗಿದ ಎಷ್ಟೋ ವರ್ಷದ ಮೇಲೆ ಬಂದ ಹೆಂಡತಿಗೂ ಅಂದಿನಿಂದ ಹಕ್ಕು ಸಿಕ್ಕಿತು.

ವಿಧವೆಯ ಮರುಮದುವೆಯದು ಇನ್ನೊಂದು ಕತೆ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ 'ಉಡಿಕೆ' ಎಂಬ ಹೆಸರಿನಲ್ಲಿ ಅದು ಹಿಂದಿನಿಂದಲೂ ಇದೆ. ಯಾರನ್ನು ಉಡಿಕೆಯಾಗಬೇಕು ಎಂಬುದು ಮನೆಗಳ ನಡುವಿನ ಮಾತು. ಶೌರ್ಯ ಪ್ರಶಸ್ತಿ ಪಡೆದವನ ವಿಧವೆಯ ವಿಷಯದಲ್ಲಿ ಸರ್ಕಾರವೇ ಆ ಮಾತಾಡುತ್ತಿತ್ತು. ಪ್ರಶಸ್ತಿಯ ಭತ್ಯೆ ಮುಂದುವರಿಯಬೇಕಾದರೆ ಆಕೆ ಸತ್ತ ಗಂಡನ ಸಹೋದರನನ್ನೇ ಮದುವೆಯಾಗಬೇಕು! ಕನ್ನಡದಲ್ಲಿ ಗಂಡನ ಅಣ್ಣ ಭಾವ, ತಮ್ಮ ಮೈದುನ. ಎರಡೂ ಬೇರೆ ಬೇರೆ ಸಂಬಂಧ. ಸರ್ಕಾರದ ಕಾಗದಕ್ಕೆ ಇಬ್ಬರೂ ಒಂದೇ. ಹಣ ಮನೆಯೊಳಗೇ ಉಳಿಯಬೇಕೆಂಬುದಷ್ಟೇ ಅದರಿಂದ ಕಾಣುತ್ತಿತ್ತು. 2017ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಈ ಷರತ್ತನ್ನು ತೆಗೆದುಹಾಕಿತು. ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ ಆದಾಯದ ಮಿತಿಗೆ ಒಳಪಟ್ಟು ಕುಟುಂಬ ಪಿಂಚಣಿ ಪಡೆಯಬಹುದೆಂಬ ನಿಯಮ 2006ರ ಜನವರಿಯಿಂದಲೇ ಅನ್ವಯವಾಗಿದೆ.

ಹೀಗೆ ಹಕ್ಕುಗಳು ಒಂದೊಂದಾಗಿ ಬಂದವು; ಅವುಗಳನ್ನು ತಲುಪುವ ದಾರಿ ಇಂದಿಗೂ ಕಡತದ್ದೇ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಗೂ, ಪ್ರಯಾಗರಾಜ್‌ನ ಪಿಂಚಣಿ ಕಚೇರಿಯ ಆದೇಶಕ್ಕೂ ಹೆಂಡತಿಯ ಹೆಸರು ದಾಖಲಾಗಿರಬೇಕು. ಅದನ್ನು ಬರೆಸುವುದು ಗಂಡ ಬದುಕಿದ್ದಾಗ ಒಂದು ಅರ್ಜಿ, ಒಂದು ಜೋಡಿ ಫೋಟೊ, ಒಂದಿಷ್ಟು ಪ್ರಮಾಣಪತ್ರಗಳ ಕೆಲಸ. ಅವನು 'ನೋಡೋಣ' ಎಂದು ಮುಂದೂಡಿ ತೀರಿಕೊಂಡರೆ, ಇದ್ದದ್ದನ್ನು ಇತ್ತೆಂದು ತೋರಿಸುವ ಹೊರೆ ಜೋಗೇಶ್ವರಿಯಲ್ಲಿ ಒಂಟಿಯಾಗಿ ಉಳಿದವಳ ಹೆಗಲಿಗೆ ಬೀಳುತ್ತದೆ.